ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಟೈಲರಮ್ಮ ಮದುವೆಯಾಗಿ ಆ ಮನೆಗೆ ಬಂದು ಐದು ತಿಂಗಳಾಗಿತ್ತು. ಫ್ರಿಜ್ ರಿಪೇರಿ ಮಾಡುವ ಗಂಡ ಒಳ್ಳೆಯವನೇ. ತೊಂದರೆ ಇದ್ದದ್ದು ಅವನ ಮಗಳಿಂದ. ಅದೂ ಎಂಥ ತೊಂದರೆ ಅಂದರೆ, ಯಾರ ಮುಂದೆ ಹೇಳಿಕೊಂಡರೂ ನಕ್ಕುಬಿಡುವಂಥದ್ದು. ಎಂಟು ವರ್ಷದ ಆ ಹುಡುಗಿ ಅವಳನ್ನು 'ನೀವು' ಅನ್ನುತ್ತಿದ್ದಳು.

ಹೆತ್ತ ತಾಯಿ ತೀರಿಕೊಂಡಾಗ ಹುಡುಗಿಗೆ ಮೂರು ವರ್ಷ. ಆಮೇಲೆ ಅಪ್ಪನ ಜೊತೆ ಜಗಳವಾಡಿಕೊಂಡೇ ಬೆಳೆದವಳು. ಬಾಯಿ ಬಿಟ್ಟರೆ ಪಟಪಟ ಸಿಡಿಯುತ್ತಾಳೆಂದು ಬೀದಿಯವರೆಲ್ಲ ಅವಳನ್ನು ಚಿನಕುರುಳಿ ಅಂತಲೇ ಕರೆಯುತ್ತಿದ್ದರು. "ಅಪ್ಪಾ, ನಿಂಗೆ ಬುದ್ಧಿ ಇದ್ಯಾ?" ಎಂದು ದಿನಕ್ಕೆ ಹತ್ತು ಸಲ ಕೇಳುವವಳು ಟೈಲರಮ್ಮನ ಎದುರು ಮಾತ್ರ ನೆನೆದ ಪಟಾಕಿ. "ಸ್ವಲ್ಪ ನೀರು ಕೊಡ್ತೀರಾ?" "ನಿಮ್ಮ ಕತ್ತರಿ ತಗೋಬಹುದಾ?" ಬ್ಯಾಂಕಿನ ಕೌಂಟರಿನಲ್ಲಿ ನಿಂತು ಕೇಳಿದ ಹಾಗೆ. ಅಮ್ಮ ಅನ್ನುವುದಿರಲಿ, ಚಿಕ್ಕಮ್ಮ ಅಂತಲೂ ಒಂದು ದಿನ ಕರೆದದ್ದಿಲ್ಲ.

"ಎಂಥಾ ಮರ್ಯಾದೆ ರೀ ನಿಮ್ಮ ಹುಡುಗೀದು. ನಮ್ಮನೇಲೂ ಇದಾವೆ ಎರಡು" ಎಂದು ಪಕ್ಕದ ಮನೆಯಾಕೆ ಕಣ್ಣರಳಿಸಿದಾಗ ಟೈಲರಮ್ಮ ಹಲ್ಲು ಕಿರಿದು ಸುಮ್ಮನಾದಳು. ಮರ್ಯಾದೆ ಕೊಡುವುದಕ್ಕೆ ಅಂಗಡಿಗೆ ಬರುವ ಗಿರಾಕಿಗಳು ಸಾಕಾಗಿದ್ದರು. ಮನೆಯಲ್ಲಿ ಅವಳಿಗೆ ಬೇಕಿದ್ದದ್ದು ಒಂದು ಒಳ್ಳೆಯ ಜಗಳ. ಸಲಿಗೆ ಇಲ್ಲದ ಕಡೆ ಮಕ್ಕಳು ಜಗಳ ಆಡುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಶಾಲೆಗೆ ರಜೆ ಬಂತು. ಚಿನಕುರುಳಿ ನಾಲ್ಕು ಶೂ ಡಬ್ಬಿಗಳನ್ನು ಕೆಳಗೆರಡು ಮೇಲೆರಡು ಅಂಟಿಸಿ, ನಡುವೆ ರಟ್ಟಿನ ಗೋಡೆ ಎಬ್ಬಿಸಿ, ಎಂಟು ಕೋಣೆಯ ಗೊಂಬೆ ಮನೆ ಕಟ್ಟಿದಳು. ಒಂದೊಂದು ಕೋಣೆಯೂ ಅಂಗೈ ಅಗಲ. ಒಳಗೆ ಒಂದು ಕುರ್ಚಿಯೂ ಇಲ್ಲ, ಗೊಂಬೆ ಬರಿಯ ನೆಲದ ಮೇಲೆ ಕಾಲು ಚಾಚಿ ಕೂತಿತ್ತು.

"ಸಾಮಾನು ನಾನು ಮಾಡ್ಕೊಡ್ಲಾ?" ಎಂದಳು ಟೈಲರಮ್ಮ.

"ಬೇಡ, ನಿಮಗ್ಯಾಕೆ ತೊಂದ್ರೆ?"

"ತೊಂದ್ರೆ ಏನಿಲ್ಲ. ಅಳತೆ ಕೊಡು."

ಅಳತೆ ಎಂಬ ಮಾತು ಕೇಳಿ ಹುಡುಗಿಯ ಕಣ್ಣು ಸ್ವಲ್ಪ ಮಿನುಗಿತು. ಸ್ಕೇಲು ಹಿಡಿದು ಕೋಣೆ ಕೋಣೆ ಅಳೆದು, ಮಂಚ ಇಷ್ಟು, ಬೀರು ಇಷ್ಟು, ಸೋಫಾ ಇಷ್ಟು ಎಂದು ಚೀಟಿ ಬರೆದುಕೊಟ್ಟಳು. ಕೆಳಗೆ 'ದಯವಿಟ್ಟು' ಅಂತ ಬೇರೆ.

ಟೈಲರಮ್ಮ ಮನೆಯ ಕಸವನ್ನೆಲ್ಲ ಜಾಲಾಡಿದಳು. ನೋಟ್‌ಬುಕ್ಕಿನ ರಟ್ಟು ಮಂಚವಾಯಿತು, ತೂತು ಬಿದ್ದ ಕಾಲುಚೀಲ ಹಾಸಿಗೆಯಾಯಿತು. ಪೇಸ್ಟಿನ ಡಬ್ಬಿಯಿಂದ ಬೀರು, ಚಾಕೊಲೇಟಿನ ಬೆಳ್ಳಿಹಾಳೆಯಿಂದ ಅದಕ್ಕೊಂದು ಕನ್ನಡಿ. ಪಾತ್ರೆ ತಿಕ್ಕಿ ಸವೆದ ಸ್ಪಂಜನ್ನು ರಟ್ಟಿನ ಚೌಕಟ್ಟಿಗೆ ಕೂರಿಸಿ, ಗಂಡನ ಹಳೇ ಅಂಗಿಯ ಬಟ್ಟೆ ಹೊದಿಸಿದರೆ ಸೋಫಾ. ದಾರ ಮುಗಿದ ರೀಲುಗಳು ಇದ್ದ ಹಾಗೇ ಸ್ಟೂಲುಗಳಾದವು. ಕಾಲರಿಗೆ ಬಟ್ಟೆ ಕತ್ತರಿಸಿದ ಹಾಗೆ ರಟ್ಟು ಕತ್ತರಿಸುತ್ತ, ಅವಳು ಅಂಗಡಿಯಲ್ಲಿ ಮೂವರ ಬಟ್ಟೆ ತಡಮಾಡಿ ಬೈಸಿಕೊಂಡಳು. ಚಿನಕುರುಳಿ ಹತ್ತಿರ ಬಂದು ಕೂತು, ಮಂಚದ ತಲೆಯ ಕಡೆಯ ಹಲಗೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದು ಬೆಕ್ಕು ಬರೆದಳು. ಬೆಕ್ಕು ಎಡ ತುದಿಯಲ್ಲಿ, ಬಾಲ ಇನ್ನೂ ಆಚೆಗೆ. ಅದಕ್ಕೆ ಮಧ್ಯಾಹ್ನವಿಡೀ ಹಿಡಿಯಿತು. ಅಷ್ಟು ಹೊತ್ತೂ ಮಾತಿಲ್ಲ, ಆದರೆ ಎದ್ದು ಹೋಗಲೂ ಇಲ್ಲ. ಟೈಲರಮ್ಮನಿಗೆ ಅಷ್ಟೇ ಸ್ವರ್ಗ.

ಭಾನುವಾರ ಬೆಳಿಗ್ಗೆ ಗೃಹಪ್ರವೇಶ. ಅಪ್ಪನೂ ಕೆಲಸಕ್ಕೆ ಹೋಗದೆ ಪಕ್ಕದಲ್ಲಿ ಕೂತ. ರೀಲಿನ ಸ್ಟೂಲು ಸಲೀಸಾಗಿ ಒಳಗೆ ಹೋಯಿತು. ಅದಾದ ಮೇಲೆ ಒಂದೂ ಹೋಗಲಿಲ್ಲ. ಬೀರು ಮಾಳಿಗೆಗೆ ತಲೆ ಹೊಡೆಯಿತು. ಸೋಫಾ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿತು. ಮಂಚವನ್ನು ಓರೆ ಮಾಡಿ, ನಿಲ್ಲಿಸಿ, ಅಪ್ಪ ಉಸಿರು ಬಿಗಿಹಿಡಿದು ತಳ್ಳಿದರೂ ಮೂರು ಮೂಲೆ ಒಳಗೆ, ಒಂದು ಮೂಲೆ ಹೊರಗೆ.

"ಅಳತೆ ತಪ್ಪಾ?" ಎಂದ ಅಪ್ಪ.

"ನನ್ನ ಅಳತೆ ತಪ್ಪೋದಾ? ಇಪ್ಪತ್ತು ವರ್ಷದಿಂದ ಇದೇ ಕೆಲಸ ನಂದು" ಎಂದು ಟೈಲರಮ್ಮ ಸಿಡುಕಿ, ಹಾಸಿಗೆಯನ್ನು ಚೀಟಿಯ ಪಕ್ಕ ಇಟ್ಟು ಟೇಪು ಹಿಡಿದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅದನ್ನು ತೆಗೆದು ಮಂಚದ ಮೇಲೆ ಹಾಸಿದಳು. ನಾಲ್ಕೂ ಕಡೆ ಸರಿಯಾಗಿ ಅರ್ಧ ಇಂಚು ರಟ್ಟು ಹೊರಗೆ ಕಾಣುತ್ತಿತ್ತು.

ಅವಳಿಗೆ ಆಗ ಹೊಳೆಯಿತು. "ಹೊಲಿಗೆಗೆ ಬಿಟ್ಟಿದೀನಿ" ಎಂದಳು, ಸಣ್ಣ ದನಿಯಲ್ಲಿ.

ಕಾಲುಚೀಲದ ಅರ್ಧ ಇಂಚು ಹೊಲಿಯುವಾಗ ಮಡಿಕೆಯೊಳಗೆ ಹೋಗಿತ್ತು. ರಟ್ಟಿಗೆ ಮಡಿಕೆ ಎಲ್ಲಿಂದ ಬರಬೇಕು? ಬೀರಿಗೂ ಬಿಟ್ಟಿದ್ದಳು, ಸೋಫಾಕ್ಕೂ ಬಿಟ್ಟಿದ್ದಳು. ಕೈ ತನ್ನಷ್ಟಕ್ಕೆ ತಾನು ಬಿಡುತ್ತ ಹೋಗಿತ್ತು. ಅಪ್ಪ ನಕ್ಕು ನಕ್ಕು ನೆಲಕ್ಕೆ ಒರಗಿದ.

ಚಿನಕುರುಳಿ ನಗಲಿಲ್ಲ. "ಪರವಾಗಿಲ್ಲ, ಬಿಡಿ. ನೀವು ಕಷ್ಟಪಟ್ಟು ಮಾಡಿದ್ರಿ" ಎಂದು ಎದ್ದು ನಿಂತಳು.

ಈಗ ಇವಳು ಒಳಗೆ ಹೋದರೆ ಮತ್ತೆ ಹತ್ತಿರ ಬಂದು ಕೂರುವುದಿಲ್ಲ ಎಂಬ ಗಾಬರಿಯಲ್ಲಿ, ಟೈಲರಮ್ಮ ಹಿಂದೆಮುಂದೆ ನೋಡದೆ ದೊಡ್ಡ ಕತ್ತರಿ ತೆಗೆದು ಮಂಚದ ಎಡ ತುದಿಗೆ ಇಟ್ಟಳು.

"ಏ, ಅಲ್ಲಲ್ಲ! ಬೆಕ್ಕಿನ ಬಾಲ ಹೋಗತ್ತೆ. ನಿಂಗೆ ಬುದ್ಧಿ ಇದ್ಯಾ?"

ಕತ್ತರಿ ನಿಂತಿತು. ಅಪ್ಪನ ನಗುವೂ ನಿಂತಿತು. "ಏನೇ ಅದು? ದೊಡ್ಡೋರಿಗೆ ಹಂಗಂತಾರಾ? ನೀವು ಅನ್ನು" ಎಂದು ಗದರಿದ.

ಹುಡುಗಿಯ ಮುಖ ಬಿಳಿಚಿಕೊಂಡಿತು. "ಸಾರಿ. ನೀವು..."

"ನೀವು ಸುಮ್ನಿರಿ ಸ್ವಲ್ಪ" ಎಂದು ಟೈಲರಮ್ಮ ಗಂಡನ ಮೇಲೆ ತಿರುಗಿದಳು. ಮದುವೆಯಾದ ಮೇಲೆ ಅವಳು ದನಿ ಎತ್ತಿದ್ದು ಅದೇ ಮೊದಲು. "ಅವಳು ನನ್ ಹತ್ರ ಜಗಳ ಆಡ್ತಿದಾಳೆ. ಮಧ್ಯ ನಿಮ್ಮದೇನು?" ಆಮೇಲೆ ಹುಡುಗಿಯ ಕಡೆ ನೋಡಿ, "ಎಲ್ಲಿ ಕತ್ತರಿಸ್ಬೇಕು, ಹೇಳು. ಈಗ ಹೇಳಿದ್ಯಲ್ಲ, ಹಂಗೇ ಹೇಳು" ಎಂದಳು. ಗಟ್ಟಿಯಾಗಿ ಹೇಳಬೇಕೆಂದಿದ್ದಳು, ಕೊನೆಗೆ ಬೇಡಿಕೊಂಡ ಹಾಗಾಯಿತು.

ಚಿನಕುರುಳಿ ಅಪ್ಪನನ್ನು ನೋಡಿದಳು, ಇವಳನ್ನು ನೋಡಿದಳು. ಆಮೇಲೆ ಬಂದು ಚಕ್ಕಳಮಕ್ಕಳ ಹಾಕಿ ಕೂತು ಕತ್ತರಿ ಕಿತ್ತುಕೊಂಡಳು.

"ಈ ಕಡೆಯಿಂದ, ಒಂದು ಇಂಚು. ನೀನು ಬರೀ ಹಿಡ್ಕೋ. ನಾನೇ ಕತ್ತರಿಸ್ತೀನಿ."

ಟೈಲರಮ್ಮ ಎರಡು ಕೈಯಲ್ಲೂ ಹಿಡಿದುಕೊಂಡಳು. ಕತ್ತರಿ ಅಂಕುಡೊಂಕಾಗಿ ಓಡುತ್ತಿತ್ತು. ಇಂಥ ಕಟಿಂಗನ್ನು ಅಂಗಡಿಯ ಕೆಲಸದವರು ಮಾಡಿದ್ದರೆ ಬೆಂಡೆತ್ತುತ್ತಿದ್ದಳು. ಈಗ ಗೆರೆಯೂ ಕಾಣುತ್ತಿರಲಿಲ್ಲ, ಬೆಕ್ಕೂ ಕಾಣುತ್ತಿರಲಿಲ್ಲ, ಎಲ್ಲ ಮಸುಕು ಮಸುಕು.

"ಅಲ್ಲಾಡಿಸ್ಬೇಡ, ಬರೀ ಹಿಡ್ಕೋ ಅಂದ್ನಲ್ಲ" ಎಂದು ಹುಡುಗಿ ಗದರುತ್ತ ತಲೆ ಎತ್ತಿದಳು. ಒಂದು ಕ್ಷಣ ಅವಳ ಮುಖವನ್ನೇ ನೋಡಿ, ಮತ್ತೆ ಕತ್ತರಿಯ ಕಡೆ ತಿರುಗಿದಳು. "ಅಳೋದಾದ್ರೆ ಆ ಕಡೆ ತಿರುಗಿ ಅಳು. ರಟ್ಟು ನೆನೆದುಹೋಗತ್ತೆ."