ಕತ್ತರಿಸದ ತುದಿ

ಹಳಸಿದ ಗಂಜಿಯ ವಾಸನೆ, ಟ್ಯಾಂಕಿನ ಕೆಳಗಿನ ನಲ್ಲಿ ಪೂರ್ತಿ ತಿರುಗಿಸಿದರೂ ಸುರಿಯುತ್ತಿಲ್ಲ, ಮುದ್ದೆ ಮುದ್ದೆಯಾಗಿ ಜಾರುತ್ತಿದೆ, ಇದರಲ್ಲಿ ಬೆಳೆಸುತ್ತಿದ್ದ, ಕೆಂಪಗಿದ್ದ ಮಂಜಿಷ್ಠ ಬಳ್ಳಿಯ ಕೋಶಗಳು ಕಂದಿ ಸತ್ತಿವೆ, ರೇಷ್ಮೆಗೆ ಬಣ್ಣ ಕೊಡಬೇಕಾಗಿದ್ದವು — ಸತ್ತಿವೆ ಏನು, ನಾನೇ ಕೊಂದೆ, ಬೈಸಿಕೊಂಡವಳು ಮಾತ್ರ ನಿತ್ಯಾ. ಟ್ಯಾಂಕ್ ನೋಡಿಕೊಳ್ಳುವವಳು ಅವಳು ತಾನೇ, ಲ್ಯಾಬಿನ ಮುಖ್ಯಸ್ಥ ದೀನದಯಾಳನ್ ಸರ್ ಎಲ್ಲರೆದುರು ಅಂದರು, ನಾಳೈಲಿರುಂದು ವರ ವೇಂಡಾಮ್ಮಾ — ನಾಳೆಯಿಂದ ಬರಬೇಡ, ಅಷ್ಟು ತಮಿಳು ನನಗೂ ಬರುತ್ತದೆ, ದಾವಣಗೆರೆಯಿಂದ ಕೊಯಮತ್ತೂರಿಗೆ ಬಂದು ಎಷ್ಟು ಕಾಲವಾಯಿತು, ತಪ್ಪು ನನ್ನದು ಅನ್ನಲು ಬಾಯಿ ಮಾತ್ರ ಬರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿ ಕೋಶದ ಆಕಾರ ಹೇಳುವುದು ನನ್ನ ಕೆಲಸ, ದುಂಡಗಿದ್ದರೆ ನೀರಿನ ಹಾಗೆ ಹರಿಯುತ್ತವೆ, ಉದ್ದವಾದರೆ ಒಂದಕ್ಕೊಂದು ಹೆಣೆದುಕೊಂಡು ಎಲ್ಲ ಗಟ್ಟಿಯಾಗಿ ಗಾಳಿ ಒಳಗೆ ಹೋಗುವುದಿಲ್ಲ, ತಕ್ಷಣ ತೆಳ್ಳಗೆ ಮಾಡಬೇಕು, ನಾನು ದುಂಡಗಿವೆ ಅಂದೆ, ಏನೂ ಮಾಡಬೇಡ ಅಂದೆ. ಮಾದರಿ ಹೀರುವ ಪಿಪೆಟ್ಟಿನ ಪ್ಲಾಸ್ಟಿಕ್ ತುದಿಯನ್ನು ಕತ್ತರಿಸಿ ಅಗಲ ಮಾಡಿಕೊಳ್ಳಬೇಕು, ನಿತ್ಯಾಗೆ ಹೇಳಿಕೊಟ್ಟವಳೇ ನಾನು, ಥೂ, ಅವತ್ತು ಕತ್ತರಿ ಕೈಗೆ ಸಿಗಲಿಲ್ಲ, ಊಟದ ಹೊತ್ತು, ಕನ್ನಡ ಮನೆಮಾತಿನ ನೇಕಾರರ ಊರು ಸಿರುಮುಗೈಯಿಂದ ಅವಳ ಅಮ್ಮ ರುಕ್ಮಣಿ ನನಗೂ ಸೇರಿಸಿ ಕಳಿಸಿದ ಅನ್ನ-ಸಾರಿನ ಡಬ್ಬಿ ಬಿಚ್ಚಿಟ್ಟು, ಅಕ್ಕಾ ಬಾ, ಕೊಳಂಬು ಆರೋಗ್ತದೆ ಅಂತ ಕರೆಯುತ್ತಿದ್ದಳು, ಕತ್ತರಿಸದ ತುದಿಯಲ್ಲೇ ಹೀರಿದೆ, ದುಂಡನೆಯವು ಮಾತ್ರ ಮೇಲೇರಿದವು, ಉದ್ದನೆಯವು ಹೊರಗೇ ಉಳಿದವು — ಗೊತ್ತಿರಲಿಲ್ಲವೇ, ಸುಳ್ಳು, ತುದಿಗೆ ಅಡ್ಡ ಒಂದು ಕೆಂಪು ಎಳೆ ಸಿಕ್ಕಿಕೊಂಡಿತ್ತು, ನೋಡಿದೆ, ನೋಡಿಯೂ ಕಸದ ಡಬ್ಬಕ್ಕೆ ಎಸೆದು ಕೈ ತೊಳೆದು ಉಣ್ಣಲು ಹೋದೆ. ಇವತ್ತು ಬೆಳಿಗ್ಗೆ ತುದಿ ಕತ್ತರಿಸಿ ಇನ್ನೊಮ್ಮೆ ನೋಡಿದೆ, ಅಯ್ಯೋ, ಎಲ್ಲ ಉದ್ದ, ಸರಪಳಿ ಸರಪಳಿ, ಯಾರಿಗೂ ತೋರಿಸದೆ ಸ್ಲೈಡು ತೊಳೆದಿಟ್ಟೆ.

ಈಗ ನಿತ್ಯಾಳೇ ಬಕೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದಾಳೆ, ನಾನು ತೋಳಿನಿಂದ ಕಣ್ಣೊರೆಸಿಕೊಂಡೆ, ಅಕ್ಕಾ ನೀ ಯಾಕೆ ಅಳ್ತೀಯ, ನೀ ಸರಿಯಾಗಿ ತಾನೇ ನೋಡಿ ಹೇಳ್ದೆ, ನಾನೇ ಗಾಳಿ ಕಮ್ಮಿ ಬುಟ್ಟಿರ್ತೀನಿ, ಅಮ್ಮಂಗೆ ಏನಂತ ಹೇಳ್ಲಿ ಅಕ್ಕಾ — ಅನ್ನು ಭಾವನಾ, ತಪ್ಪು ನನ್ನದು ಅಂತ ಈಗಲೇ ಅನ್ನು, ಸರ್ ಇನ್ನೂ ಕೋಣೆಯಲ್ಲಿದ್ದಾರೆ, ಬಾಗಿಲು ತೆರೆದಿದೆ, ಅವಳ ಮನೆಯ ಅನ್ನ ತಿಂದವಳು ನೀನು, ಬಾಯಿ ತೆರೆದೆ, ನಾಳೆಯಿಂದ ನಿನ್ನ ಡಬ್ಬಿ ನೀನೇ ತರ್ಬೇಕು ಅಕ್ಕಾ ಅನ್ನುತ್ತಿದ್ದಾಳೆ, ನಗಲು ನೋಡುತ್ತಿದ್ದಾಳೆ, ಬಕೆಟ್ ತುಂಬಿತು, ಇನ್ನೊಂದು ಕೊಡು ಅಂದೆ, ಅಷ್ಟೇ ಅಂದೆ — ಆ ತುದಿ, ಅಡ್ಡ ಸಿಕ್ಕ ಆ ಕೆಂಪು ಎಳೆ, ಒಳಗೂ ಹೋಗದೆ, ಕೆಳಗೂ ಬೀಳದೆ, ಆ ಕೆಂಪು ಎಳೆ