ಅಮೀನಾ ಅಂಟಿಸಿದ ಕೆಂಪು ಬಾಣ

ಯಾವ ಬಟ್ಟೆಯೇ ಆಗಲಿ, ಅಮೀನಾ ಅದನ್ನು ಮೊದಲು ಮಗುಚಿ ಒಳಮೈ ನೋಡುತ್ತಿದ್ದರು; ಹೊರಮೈಯ ಬಣ್ಣ, ಕಸೂತಿ, ಹೊಳಪುಗಳೆಲ್ಲ ಅವರ ಪಾಲಿಗೆ ಆಮೇಲಿನ ಮಾತು. ೨೦೨೩ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಕ್ಷೇತ್ರದ ಪಕ್ಷೇತರ ಅಭ್ಯರ್ಥಿಯಾಗಿ, ಏಪ್ರಿಲ್ ಕೊನೆಯ ಒಂದು ಸಂಜೆ ಗಂಗಾನಗರದ ನಮ್ಮ ಮನೆಗೆ ಮತ ಕೇಳಲು ಬಂದಾಗಲೂ, ಕರಪತ್ರ ನೀಡುವ ಮುನ್ನವೇ ಅವರ ಕೈ ನಮ್ಮ ಬಾಗಿಲಿನ ಪರದೆಯ ಅಂಚನ್ನು ತಾನೇ ತಾನಾಗಿ ಮಗುಚಿತ್ತು.

“ಪರದೆ ಚೆನ್ನಾಗಿದೆ ಮೇಡಂ. ಒಳಗಡೆ ಹೊಲಿಗೆ ಬಿಟ್ಕೊಂಡಿದೆ. ಒಂದು ಸೂಜಿ ಕೊಡ್ತೀರಾ?”

ಕೊಟ್ಟೆ. ನಿಂತಲ್ಲೇ ನಾಲ್ಕು ಬೆರಳುದ್ದ ಹೊಲಿದು, ದಾರ ಕತ್ತರಿಸಿ, ಸಮಾಧಾನದಿಂದ ಮೆಟ್ಟಿಲಿಳಿಯಹೊರಟವರನ್ನು ಜೊತೆಗೆ ಬಂದಿದ್ದ ಸಹೋದ್ಯೋಗಿ ದಾಕ್ಷಾಯಣಿ ತಡೆದರು. “ಅಮೀನಕ್ಕಾ, ನಾವ್ ಬಂದಿರೋದು ಓಟು ಕೇಳೋಕೆ ಕಣಕ್ಕಾ, ಕರ್ಟನ್ ರಿಪೇರಿಗಲ್ಲ!”

ಯಶವಂತಪುರದ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಚೆಕಿಂಗ್ ವಿಭಾಗದಲ್ಲಿ, ಹೊಲಿದು ಬಂದ ಅಂಗಿಗಳ ದೋಷ ಹುಡುಕುತ್ತ ಹತ್ತೊಂಬತ್ತು ವರ್ಷ ನಿಂತೇ ದುಡಿದ ದೇಹ ಅಮೀನಾ ಅವರದು. ಬಲಗಾಲು ಎಡಗಾಲಿಗಿಂತ ಅರೆಕ್ಷಣ ತಡವಾಗಿ ಏಳುವ ನಡಿಗೆ. ಕುರ್ಚಿ ಕೊಟ್ಟರೆ ಕೂರದೆ ಅದರ ಬೆನ್ನನ್ನು ಹಿಡಿದು ನಿಲ್ಲುವ ಅಭ್ಯಾಸ. ತಲೆಯ ಮೇಲೆ ದುಪಟ್ಟ, ಸಲ್ವಾರ್ ಕಮೀಜಿನ ಮೇಲೆ ಕಾರ್ಖಾನೆಯ ಮಾಸಿದ ನೀಲಿ ಕೋಟು, ಅದರ ಜೇಬಿನಲ್ಲಿ ಪುಟ್ಟ ಕತ್ತರಿ ಮತ್ತು ಅಂಗಿಯ ದೋಷವಿದ್ದೆಡೆ ಅಂಟಿಸುವ ಕೆಂಪು ಬಾಣದ ಸ್ಟಿಕ್ಕರುಗಳ ಸುರುಳಿ. ಪ್ರಚಾರಕ್ಕಾದರೂ ಕೋಟನ್ನು ತೆಗೆದಿಡಬಾರದೇ ಎಂದು ಕೇಳಿದ್ದಕ್ಕೆ, “ತೆಗೆದ್ರೆ ನಮ್ ಲೈನ್ ಹುಡ್ಗೀರಿಗೇ ಗುರ್ತು ಸಿಗಲ್ಲ” ಎಂದು ನಕ್ಕಿದ್ದರು. ಕಂಡದ್ದನ್ನೆಲ್ಲ ಅವರು ಎರಡು ಪದಗಳಲ್ಲಿ ವಿಂಗಡಿಸುತ್ತಿದ್ದರು: ‘ಪಾಸ್’, ಇಲ್ಲವೇ ತಿದ್ದಬೇಕಾದ ‘ಆಲ್ಟರ್’. ಕಾರ್ಖಾನೆಯಲ್ಲಿ ‘ರಿಜೆಕ್ಟ್’ ಎಂಬ ಮೂರನೆಯದೂ ಇತ್ತಂತೆ; ಮನುಷ್ಯರ ವಿಷಯದಲ್ಲಿ ಆ ಪದ ಅವರ ಬಾಯಿಂದ ಬಂದುದನ್ನು ನಾನು ಕೇಳಿಲ್ಲ.

ಉಳಿದ ಅಭ್ಯರ್ಥಿಗಳು ಮೇಲ್ಸೇತುವೆ, ಸುರಂಗಮಾರ್ಗಗಳ ಚಿತ್ರ ಹಂಚುತ್ತಿದ್ದ ಆ ದಿನಗಳಲ್ಲಿ ಅಮೀನಾ ಅವರ ಕರಪತ್ರದಲ್ಲಿದ್ದುದು ಮೂರೇ ಸಾಲು. ಚರಂಡಿಗೆ ಚಪ್ಪಡಿ ಮತ್ತು ಬೀದಿಗೆ ದೀಪ ಕೊನೆಯ ಎರಡು. ಮೊದಲನೆಯದು, ಭಾನುವಾರವೂ ಸರ್ಕಾರಿ ಆರೋಗ್ಯ ಕೇಂದ್ರ ತೆರೆದಿರಬೇಕು ಎಂಬುದು. ವಾರಕ್ಕೆ ಆರು ದಿನ ಕಾರ್ಖಾನೆ, ಏಳನೆಯ ದಿನ ಆರೋಗ್ಯ ಕೇಂದ್ರಕ್ಕೆ ಬೀಗ. ಹೀಗಾಗಿ ಎದೆಯಲ್ಲಿ ಕೈಗೆ ಸಿಕ್ಕ ಗಂಟನ್ನು ವೈದ್ಯರಿಗೆ ತೋರಿಸಲು ದಾಕ್ಷಾಯಣಿ ನಾಲ್ಕು ತಿಂಗಳು ತಡಮಾಡಿದ್ದರು. ಶಸ್ತ್ರಚಿಕಿತ್ಸೆಯಾಗಿ ಬದುಕಿ ಉಳಿದಿದ್ದರು. ಉದುರಿದ ಕೂದಲು ಆಗಷ್ಟೇ ಚಿಗುರುತ್ತಿತ್ತು. “ದಿನಕ್ಕೆ ಸಾವಿರ ಶರ್ಟಲ್ಲಿ ತಪ್ಪು ಹಿಡೀತೀನಿ ಮೇಡಂ,” ಎಂದಿದ್ದರು ಅಮೀನಾ, “ಪಕ್ಕದಲ್ಲೇ ನಿಂತಿದ್ದೋಳ ನೋವು ಹಿಡೀಲಿಲ್ಲ.” ಅವರು ಚುನಾವಣೆಗೆ ನಿಂತದ್ದು ಆ ಒಂದು ತಪ್ಪನ್ನು ತಿದ್ದಲು ಎಂದು ನಾನು ಅಂದು ದಿನಚರಿಯಲ್ಲಿ ಬರೆದುಕೊಂಡೆ.

ಭಾಷಣ ಬಾರದ ಅಭ್ಯರ್ಥಿ ತನಗೆ ಬರುವ ಕೆಲಸವನ್ನೇ ಪ್ರಚಾರವಾಗಿಸಿಕೊಂಡರು. ಚಪ್ಪಡಿ ಜಾರಿದ ಚರಂಡಿ, ಬಲ್ಬಿಲ್ಲದ ಕಂಬ, ನೀರು ಸೋರುವ ಪೈಪು, ಎಲ್ಲದಕ್ಕೂ ಒಂದೊಂದು ಕೆಂಪು ಬಾಣ. ನಮ್ಮ ಬೀದಿಯ ಕೊನೆಯಲ್ಲಿರುವ ಆರೋಗ್ಯ ಕೇಂದ್ರದ ಫಲಕದ ಮೇಲೆ ‘ಭಾನುವಾರ ರಜೆ’ ಎಂಬ ಸಾಲಿಗೆ ನೇರವಾಗಿ ಇನ್ನೊಂದು.

ಸಾರ್ವಜನಿಕ ಆಸ್ತಿಯ ಮೇಲೆ ಅಭ್ಯರ್ಥಿಯಾದವರು ಏನನ್ನೂ ಅಂಟಿಸಕೂಡದೆಂಬ ನಿಯಮ ಅವರಿಗೆ ಹೊಳೆದೇ ಇರಲಿಲ್ಲ. ಮತದಾನಕ್ಕೆ ನಾಲ್ಕು ದಿನವಿದ್ದಾಗ, ಶನಿವಾರ ಸಂಜೆ, ಚುನಾವಣಾ ಸ್ಕ್ವಾಡಿನ ಮುನೀಂದ್ರ ಎಂಬ ಅಧಿಕಾರಿ ನೋಟಿಸು ತಂದರು: ಇಪ್ಪತ್ತನಾಲ್ಕು ಗಂಟೆಯೊಳಗೆ ಎಲ್ಲವನ್ನೂ ಕೀಳಬೇಕು, ಇಲ್ಲವಾದರೆ ಮೊಕದ್ದಮೆ.

“ಆಲ್ಟರ್ ಆಗ್ದೆ ಸ್ಟಿಕ್ಕರ್ ಕಿತ್ತು ಪೀಸ್ ಪಾಸ್ ಮಾಡೋದು ಕಳ್ಳತನ ಸಾರ್, ನಮ್ ಕೆಲ್ಸದಲ್ಲಿ,” ಎಂದರು ಅಮೀನಾ.

“ಅಮ್ಮಾ, ನೀವ್ ತೋರ್ಸಿರೋದ್ರಲ್ಲಿ ಒಂದೂ ಸುಳ್ಳಿಲ್ಲ. ನಂಗೂ ಗೊತ್ತು. ಆದ್ರೆ ರೂಲ್ಸು!” ಅಧಿಕಾರಿಯ ದನಿಯಲ್ಲಿ ಸಂಕೋಚವಿತ್ತು.

ಕಡೆಗೆ ಅಮೀನಾ ತಮ್ಮ ವೃತ್ತಿಯ ಇನ್ನೊಂದು ನಿಯಮವನ್ನು ನೆನಪಿಗೆ ತಂದುಕೊಂಡರು. ಸ್ಟಿಕ್ಕರ್ ಉಳಿಸಲಾಗದ ಅಂಗಿಯ ದೋಷವನ್ನು ಪುಸ್ತಕದಲ್ಲಿ ಬರೆದು, ಕಂಡವರ ಸಹಿ ಹಾಕಿಸಬೇಕಂತೆ. ಭಾನುವಾರ ಬೆಳಿಗ್ಗೆ ನನ್ನ ಬಾಗಿಲು ತಟ್ಟಿ, “ನಿಮ್ಮ ಅಕ್ಷರ ಚೆನ್ನಾಗಿದೆ ಅಂತ ಕೇಳಿದೀನಿ, ಬರ್ತೀರಾ?” ಎಂದರು. ದಿನವಿಡೀ ಅವರು ಉಗುರಿನಿಂದ ಬಾಣಗಳನ್ನು ಬಿಡಿಸುತ್ತ ಹೋದರು, ನಾನು ಸ್ಥಳ ಮತ್ತು ದೋಷವನ್ನು ಬರೆಯುತ್ತ ಹೋದೆ, ಎದುರುಮನೆಯವರು ಸಹಿ ಹಾಕುತ್ತ ಹೋದರು. ಚರಂಡಿಯ ಬಳಿ ಗಂಗರತ್ನಮ್ಮ ಎಂಬ ವೃದ್ಧೆ ಕೋಲು ಅಡ್ಡ ಹಿಡಿದು, “ನಮ್ ಮನೆ ಮುಂದಿಂದು ಕೀಳ್ಬೇಡ ಕಣಮ್ಮಾ, ರಾತ್ರಿ ಅದನ್ನ್ ನೋಡ್ಕೊಂಡೇ ಕಾಲಿಡ್ತೀನಿ” ಎಂದು ಗದರಿದರು. ಬಾಣ ಬಿಡಿಸುವ ಮೊದಲು ಆ ಬೀದಿಯವರೇ ಸೇರಿ ಚಪ್ಪಡಿಯನ್ನು ಸರಿಸಿ ಕೂರಿಸಿದರು. ಅಂದು ‘ಪಾಸ್’ ಎಂದು ಬರೆಸಿದ ಏಕೈಕ ನಮೂದು ಅದು. ಬೀಗ ಹಾಕಿದ್ದ ಆರೋಗ್ಯ ಕೇಂದ್ರದ ಮುಂದೆ ಕೊನೆಯ ಸಹಿ ದಾಕ್ಷಾಯಣಿಯವರದು. ಸ್ಟಿಕ್ಕರ್ ಕಿತ್ತುಬಂತು, ಅದರೊಂದಿಗೆ ಫಲಕದ ಬಣ್ಣವೂ ಎದ್ದು, ಬಾಣದ ಆಕಾರ ಹಾಗೆಯೇ ಉಳಿಯಿತು.

“ನೋಡಕ್ಕಾ,” ಎಂದರು ದಾಕ್ಷಾಯಣಿ, “ಇದನ್ನ್ ಕೀಳೋಕೆ ಯಾವ್ ಸ್ಕ್ವಾಡೂ ಬರಲ್ಲ!”

ಅಮೀನಾ ಸೋತರು, ಠೇವಣಿಯೂ ಉಳಿಯಲಿಲ್ಲ. ಫಲಿತಾಂಶದ ಮರುವಾರವೇ ಆ ಪುಸ್ತಕದ ಪ್ರತಿಯನ್ನು ಆರೋಗ್ಯ ಇಲಾಖೆಗೂ ಗೆದ್ದವರ ಕಚೇರಿಗೂ ಕೊಟ್ಟು, ಪ್ರತಿ ತಿಂಗಳ ಮೊದಲ ಶನಿವಾರ ಅರ್ಧ ದಿನದ ಕೂಲಿ ಬಿಟ್ಟು ಅದೇ ನೀಲಿ ಕೋಟಿನಲ್ಲಿ ಹೋಗಿ ವಿಚಾರಿಸುತ್ತಿದ್ದರು. ಹದಿನೇಳನೆಯ ತಿಂಗಳಲ್ಲಿ ಭಾನುವಾರದ ಬೆಳಗಿನ ಹೊತ್ತು ಬಾಗಿಲು ತೆರೆಯಿತು. ಕಳೆದ ಆಷಾಢದ ಒಂದು ಭಾನುವಾರ ನನ್ನ ತಾಯಿ ಸ್ನಾನದ ಮನೆಯಲ್ಲಿ ತಲೆಸುತ್ತಿ ಬಿದ್ದಾಗ, ನಾಲ್ಕು ನಿಮಿಷದಲ್ಲಿ ಅವರನ್ನು ವೈದ್ಯರ ಮುಂದೆ ಕೂರಿಸಲು ನನಗೆ ಸಾಧ್ಯವಾದದ್ದು ಅದರಿಂದ. ಕೃತಜ್ಞತೆ ಹೇಳಲು ಹೋದರೆ ಅಮೀನಾ ನನ್ನ ಮಾತನ್ನೂ ಮಗುಚಿ ನೋಡಿದರು.

“ಅಮ್ಮ ಹುಷಾರಾಗಿದಾರಲ್ಲ, ಅಲ್ಹಮ್ದುಲಿಲ್ಲಾ. ಆದ್ರೆ ಇನ್ನೂ ಪಾಸ್ ಇಲ್ಲ ಮೇಡಂ, ಆಲ್ಟರ್. ಭಾನುವಾರ ಲೇಡಿ ಡಾಕ್ಟರ್ ಬರಲ್ಲ. ಬರ್ಕೊಳ್ಳಿ.”

ಬರೆದುಕೊಂಡೆ. ನಮ್ಮ ಪರದೆಯ ಬಣ್ಣ ಈಗ ಮಾಸಿದೆ, ಆ ನಾಲ್ಕು ಬೆರಳುದ್ದದ ಹೊಲಿಗೆ ಬಿಟ್ಟಿಲ್ಲ. ಹೊರಮೈಯನ್ನು ಹೊಗಳಲು ಊರಿಗೆ ಎಂದೂ ಜನರ ಕೊರತೆಯಿಲ್ಲ. ಒಳಮೈಯನ್ನು ನೋಡುವವರು ಕೆಲವರೇ, ಶಂಕುಸ್ಥಾಪನೆಯ ಕಲ್ಲುಗಳ ಮೇಲೆ ಅವರ ಹೆಸರನ್ನು ನಾನೆಲ್ಲೂ ಓದಿಲ್ಲ. ಆದರೂ, ಲೋಕದ ದೋಷವನ್ನು ಲೋಕದ ಮೇಲಿನ ಮುನಿಸಾಗಿಸದೆ ಬೆರಳಿಟ್ಟು ತೋರಿಸಿ, ತಿದ್ದುವವರೆಗೂ ಕುರ್ಚಿಯ ಬೆನ್ನು ಹಿಡಿದು ನಿಂತೇ ಇರುವ ಇಂಥವರಿಂದಲೇ ನಮ್ಮಂಥ ಕುಳಿತವರ ಬದುಕು ಬಿಚ್ಚಿಹೋಗದೆ ಉಳಿದಿದೆ.