ಪಂದ್ಯ ನಮ್ಮ ಮೈದಾನದಲ್ಲೇ

ಅಕ್ಕ ಬಸ್ಸುಗಳ ಸೀಟಿಗೆ ಕವರ್ ಹೊಲಿಯುವವಳು. ನಮ್ಮ ಪುಟ್ಟ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷೆಯೂ ಅವಳೇ. ಆ ಕುರ್ಚಿಯಲ್ಲಿ ಕೂರಲು ಯಾರೂ ಒಪ್ಪದ ವರ್ಷ ಅವಳನ್ನು ಕೂರಿಸಿದ್ದರು. ಆಮೇಲೆ ಏಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ತಂಡಕ್ಕೆ ಆಟ ಕಲಿಸುವವನು ನಾನು, ಅವಳ ತಮ್ಮ. ಮೈದಾನದೊಳಗೆ ನನ್ನ ಮಾತು, ಹೊರಗೆ ಅವಳ ಮಾತು ಅಂತ ಒಪ್ಪಂದ. ಒಳಗೂ ಅವಳದೇ ನಡೆಯುತ್ತಿತ್ತು ಅನ್ನುವುದು ಬೇರೆ ವಿಷಯ.

ಆ ವರ್ಷ ಕಪ್ ಪಂದ್ಯಾವಳಿಯ ಚೀಟಿ ಎತ್ತಿದಾಗ ದೇಶದ ಅತಿ ಶ್ರೀಮಂತ ಕ್ಲಬ್ ನಮ್ಮ ಎದುರಾಳಿಯಾಗಿ ಬಂತು. ಪಂದ್ಯ ನಮ್ಮ ಮೈದಾನದಲ್ಲಿ.

ಸ್ವಲ್ಪ ದಿನಕ್ಕೆ ಅವರ ಮ್ಯಾನೇಜರ್ ಅಕ್ಕನ ಅಂಗಡಿಗೇ ಬಂದ. ರೆಕ್ಸಿನ್ ಸುರುಳಿಗಳ ನಡುವೆ ಕೂತು ಮರ್ಯಾದೆಯಿಂದಲೇ ಮಾತಾಡಿದ. ಪಂದ್ಯವನ್ನು ಅವರ ಸ್ಟೇಡಿಯಮ್ಮಿಗೆ ಬದಲಾಯಿಸಿದರೆ ಟಿಕೆಟ್ಟು, ಟಿವಿ, ಜಾಹೀರಾತು ಎಲ್ಲದರಲ್ಲೂ ನಮಗೆ ಒಳ್ಳೆಯ ಪಾಲಂತೆ. ನಮ್ಮ ಕ್ಲಬ್ಬಿನ ಸೋರುವ ಚಾವಣಿ ನೆನಪಾಗಿ ನನಗೆ ಬಾಯಲ್ಲಿ ನೀರೂರಿತು. ಹುಡುಗರಿಗೂ ಅಲ್ಲಿನ ದೀಪಗಳ ಕೆಳಗೆ ಆಡುವ ಆಸೆ.

ಅಕ್ಕ ಮೆಷಿನ್ ನಿಲ್ಲಿಸಿ ಪೂರ್ತಿ ಕೇಳಿದಳು.

"ನೆಂಟರು ಬರ್ತಾರೆ ಅಂದ್ರೆ ಮನೆ ಗುಡಿಸ್ತೀವಿ ಸಾರ್. ಮನೇನೇ ಹೊತ್ಕೊಂಡು ನೆಂಟರ ಹತ್ರ ಹೋಗಲ್ಲ," ಅಂದಳು.

ಆತ ನಗುತ್ತಲೇ ಎದ್ದು ಹೋದ. ಅದರ ಬೆನ್ನಿಗೇ ಫುಟ್‌ಬಾಲ್ ಒಕ್ಕೂಟದ ಅಧಿಕಾರಿ ತಪಾಸಣೆಗೆ ಬಂದರು. ಅತಿಥಿ ತಂಡದ ಕೋಣೆ ಇಕ್ಕಟ್ಟು, ಕ್ಯಾಮೆರಾ ಇಡಲು ಎತ್ತರದ ಜಾಗವಿಲ್ಲ. ಸರಿಪಡಿಸದಿದ್ದರೆ ಪಂದ್ಯ ದೊಡ್ಡ ಸ್ಟೇಡಿಯಮ್ಮಿಗೆ ಹೋಗುತ್ತದೆ ಅಂದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಎಲ್ಲರಿಗೂ ಗೊತ್ತಾಯಿತು.

ಸಂಜೆ ಸದಸ್ಯರ ಸಭೆ ಸೇರಿತು. ಹೋಗಿಬಿಡೋಣ, ಚಾವಣಿಯಾದರೂ ಆಗುತ್ತದೆ ಅಂತ ನಾನೇ ವಾದಿಸಿದೆ. ಅಕ್ಕ ಎದುರು ಮಾತಾಡಲಿಲ್ಲ. ಚಾವಣಿ ಸೋರುವುದು ನಿಜ ಅಂದಳು. ಆಮೇಲೆ, ಪ್ರತಿ ಪಂದ್ಯಕ್ಕೂ ಗೋಲಿನ ಹಿಂದೆ ಊರುಗೋಲು ಹಿಡಿದು ನಿಲ್ಲುವ ನಿವೃತ್ತ ಪೋಸ್ಟ್‌ಮ್ಯಾನ್ ಕಡೆ ತಿರುಗಿ, ಅಷ್ಟು ದೂರ ಬರ್ತೀರಾ ಅಂತ ಕೇಳಿದಳು. ಆಗಲ್ಲಮ್ಮ, ಟಿವಿಯಲ್ಲೇ ನೋಡ್ತೀನಿ ಅಂದರು ಅವರು.

"ಇಷ್ಟು ವರ್ಷ ನಾವು ಸೋತ ಆಟಗಳನ್ನೆಲ್ಲ ಇವರು ನಿಂತು ನೋಡಿದಾರೆ," ಅಂದಳು ಅಕ್ಕ. "ದೊಡ್ಡ ಆಟ ಒಂದು ಬಂದಾಗ ಮನೇಲಿರಿ ಅನ್ನೋಕೆ ನನಗೆ ಬಾಯಿ ಬರಲ್ಲ."

ಇಲ್ಲೇ ಆಡೋಣ ಅನ್ನುವವರು ಕೈ ಎತ್ತಿ ಅಂದಾಗ ನನ್ನ ಕೈಯೂ ಮೇಲೆದ್ದಿತು.

ಗಾರೆ ಕೆಲಸದ ಸದಸ್ಯರೊಬ್ಬರು ನಮ್ಮ ಕೋಣೆಗೂ ಅತಿಥಿ ತಂಡದ ಕೋಣೆಗೂ ನಡುವಿನ ಗೋಡೆ ಒಡೆದರು. ಇಡೀ ಜಾಗ ಅತಿಥಿಗಳಿಗೆ. ನಮ್ಮ ಹುಡುಗರು ಬಟ್ಟೆ ಬದಲಿಸುವುದು ರಸ್ತೆಯಾಚೆ ಅಕ್ಕನ ಅಂಗಡಿಯಲ್ಲಿ, ಬಿಚ್ಚಿಟ್ಟ ಬಸ್ ಸೀಟುಗಳ ಮೇಲೆ ಕೂತು. ಅಕ್ಕನ ಗಿರಾಕಿಗಳಾದ ಬಸ್ ಮಾಲೀಕರು ಕಾಂಪೌಂಡಿಗೆ ಒತ್ತಿ ಎರಡು ಬಸ್ ನಿಲ್ಲಿಸಿ, ಕ್ಯಾಮೆರಾ ಇಡಲು ಮೇಲೆ ದಪ್ಪ ಹಲಗೆ ಬಿಗಿದರು. ಅಧಿಕಾರಿ ಹತ್ತಿ, ಕಾಲು ಕುಟ್ಟಿ, ಟಿವಿಯವರನ್ನೂ ಹತ್ತಿಸಿ ನೋಡಿದರು. ಕುಂದು ಸಿಗಲಿಲ್ಲ. ಒಪ್ಪಿಗೆ ಕೊಟ್ಟು ಹೋದರು.

ಪಂದ್ಯ ಸೋತೆವು. ಆದರೆ ಮೊದಲ ಗೋಲು ನಮ್ಮದು. ಎಡಬದಿಯಲ್ಲಿ ಆಡುವ ನಮ್ಮ ಹುಡುಗ ಮಿಡತೆ, ಹಾರಿ ಹಾರಿ ಓಡುವುದಕ್ಕೆ ಬಂದ ಹೆಸರದು, ಇಬ್ಬರನ್ನು ದಾಟಿ ಹೊಡೆದ ಚೆಂಡು ಪೋಸ್ಟ್‌ಮ್ಯಾನ್ ಎದುರಿನ ಬಲೆಗೇ ಬಿತ್ತು. ಮುದುಕರು ಊರುಗೋಲು ಮೇಲೆತ್ತಿ ಅಲ್ಲಾಡಿಸಿದರು. ಆಯ ತಪ್ಪದ ಹಾಗೆ ಪಕ್ಕದವರು ಹಿಡಿದುಕೊಂಡರು. ಆಮೇಲೆ ಎದುರಾಳಿಗಳು ಮೂರು ಗೋಲು ಹೊಡೆದರು. ಚೆನ್ನಾಗೇ ಆಡಿದರು, ಸುಳ್ಳು ಹೇಳಬಾರದು.

ಒಕ್ಕೂಟದ ವಾರ್ಷಿಕ ಸಭೆಗೆ ಅಕ್ಕನ ಜೊತೆ ನಾನೂ ಹೋದೆ. ಆತಿಥೇಯ ಕ್ಲಬ್ ತಾನಾಗಿ ಒಪ್ಪದೆ ಪಂದ್ಯದ ಜಾಗ ಬದಲಿಸುವ ಹಾಗಿಲ್ಲ ಅಂತ ನಿಯಮವಾಗಬೇಕು ಅಂತ ಅವಳು ಮುಂದೆ ಹೋಗಿ ನಿಂತು ಹೇಳಿದಳು. ದೊಡ್ಡ ಕ್ಲಬ್ಬಿನವರ ಸಾಲಿನಲ್ಲಿ ಗುಸುಗುಸು ಎದ್ದಿತು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಎದ್ದು, ನಮ್ಮನ್ನೂ ಹೀಗೇ ಒಪ್ಪಿಸಿದ್ದರು ಅಂದರು. ಆಮೇಲೆ ಇನ್ನೊಬ್ಬರು. ವರ್ಷಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದ ಪುಟ್ಟ ಕ್ಲಬ್ಬುಗಳೆಲ್ಲ ಒಂದೊಂದಾಗಿ ಎದ್ದು ನಿಂತವು. ನಿಯಮ ಪಾಸಾಯಿತು.

ಅಕ್ಕ ಬಂದು ಪಕ್ಕದಲ್ಲಿ ಕೂತಳು. ಅಂಗೈಯ ಬೆವರನ್ನು ಸೆರಗಿಗೆ ಒರೆಸಿಕೊಂಡಳು. ಅವಳಿಗೆ ಭಯವೇ ಇಲ್ಲ ಅಂತ ಹುಟ್ಟಿದಾಗಿನಿಂದ ನಂಬಿದ್ದವನು ನಾನು.

"ಸ್ವಲ್ಪ ನೀರು ತಗೊಂಡು ಬಾರೋ," ಅಂದಳು.

ಓಡಿಹೋಗಿ ತಂದುಕೊಟ್ಟೆ.